ರೂನ್ ಅಕ್ಷರದ ಬಕಲ್, ಬ್ರೋಚ್‌ಗಳಿಗೆ ಪಡಿಯಚ್ಚು ಯಾಕೆ ತೆಗೆಯೋದಿಲ್ಲ?

ಶಾಸನಾಸಕ್ತ:
ಕಲ್ಲಿನ ಶಾಸನವಾದರೆ ಒದ್ದೆ ಕಾಗದ ಹಾಕಿ, ಬ್ರಷ್‌ನಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೀತಾರೆ. ಜರ್ಮನಿಯ ಬವೇರಿಯಾದ ಫೋರ್ಟ್ಸೆನ್‌ನಲ್ಲಿ 1992ರಲ್ಲಿ ಸಿಕ್ಕ, ರೂನ್ (ಜರ್ಮಾನಿಕ್ ಜನರ ಹಳೇ ಲಿಪಿ) ಬರೆದ ಬೆಳ್ಳಿ ಬಕಲ್ (6ನೇ ಶತಮಾನ) ಇದೆಯಲ್ಲ, ಅದರ ಎರಡನೇ ಸಾಲನ್ನು ಒಬ್ಬೊಬ್ಬರು ಒಂದೊಂದು ಥರ ಓದಿದ್ದಾರೆ. ಅದಕ್ಕೂ ಪಡಿಯಚ್ಚು ತೆಗೆದರೆ ಜಗಳ ಮುಗಿಯಲ್ವಾ? ಫೋಟೋದಲ್ಲಿ ಯಾವುದು ಅಕ್ಷರ, ಯಾವುದು ಬರೀ ಗೀರು ಅಂತಲೇ ತಿಳಿಯಲ್ಲ.

ಕಮ್ಮಟ:
ಪಡಿಯಚ್ಚಿಗೆ ಆಳ ಬೇಕು. ಬ್ರೋಚ್ ಮೇಲಿನ ರೂನ್‌ಗಳು ಸಾಮಾನ್ಯವಾಗಿ ಚೂಪು ಮೊನೆಯಿಂದ ಗೀಚಿದ ಕೂದಲೆಳೆಯಂಥ ಗೆರೆಗಳು, ಕಾಗದ ಅದರೊಳಗೆ ಇಳಿಯೋದೇ ಇಲ್ಲ. ಮೇಲಾಗಿ ಕಿಲುಬು ಹಿಡಿದ ಲೋಹಕ್ಕೆ ನೀರು, ಮಸಿ ಎರಡೂ ಕೆಡುಕು.

ಓದುವ ಮೊದಲು ಅಕ್ಷರ ಹೇಗೆ ಮೂಡಿದೆ ಅಂತ ನೋಡಿ. ಬ್ರಾಕ್ಟಿಯೇಟ್ ಅಂದರೆ ಒಂದೇ ಬದಿಗೆ ಅಚ್ಚು ಒತ್ತಿದ ತೆಳು ಚಿನ್ನದ ಬಿಲ್ಲೆ. ಅಚ್ಚಿನಲ್ಲಿ ಅಕ್ಷರವನ್ನು ನೇರವಾಗಿ ಕೊರೆದರೆ ಬಿಲ್ಲೆಯಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬೀಳುತ್ತೆ. ರೂನ್ ಬಲದಿಂದ ಎಡಕ್ಕೂ ಓಡುತ್ತೆ, ಹಾಗಾಗಿ ತಿರುಗಿದ ಅಕ್ಷರ ಕಂಡ ಕೂಡಲೇ ತಪ್ಪು ಅನ್ನಬೇಡಿ. ಡೆನ್ಮಾರ್ಕಿನ ವಿಂದೆಲೇವ್‌ನಲ್ಲಿ 2020ರಲ್ಲಿ ಸಿಕ್ಕ ಬಿಲ್ಲೆಯಲ್ಲಿ ‘ಓದಿನ್‌ನ ಆಳು’ (ಓದಿನ್ ಅಂದರೆ ನಾರ್ಸ್ ದೇವರು) ಅನ್ನೋ ಓದು ಹೊರಬಂದದ್ದು 2023ರಲ್ಲಿ; ಅಕ್ಷರ ಅಷ್ಟು ಸವೆದಿತ್ತು.

ಥೇಮ್ಸ್ ನದಿಯಲ್ಲಿ 1857ರಲ್ಲಿ ಸಿಕ್ಕ ಕತ್ತಿಯದು ಮೂರನೇ ಥರ. ಕಬ್ಬಿಣದಲ್ಲಿ ಕಾಲುವೆ ಕೊರೆದು ತಾಮ್ರ, ಕಂಚು, ಬೆಳ್ಳಿಯ ತಂತಿ ಬಡಿದು ಕೂರಿಸಿದ್ದಾರೆ: 28 ರೂನ್‌ಗಳ ಪೂರ್ತಿ ವರ್ಣಮಾಲೆ, ಜೊತೆಗೆ ‘ಬೇಯಗ್ನೋಥ್’ ಅನ್ನೋ ಹೆಸರು. ಮಾಲೆಯ ಕೊನೆಕೊನೆಗೆ ಅಕ್ಷರಗಳ ಕ್ರಮ ಅದಲುಬದಲು, ಅದು ಕೆಲಸದವನದೇ ಎಡವಟ್ಟು ಅನ್ನಿಸುತ್ತೆ. ಇಂಥ ಕಬ್ಬಿಣಕ್ಕೆ ತುಕ್ಕು ಕೆರೆಯೋ ಮೊದಲು ಎಕ್ಸ್‌ರೇ ಆಗಲೇಬೇಕು, ಇಲ್ಲದಿದ್ರೆ ತುಕ್ಕಿನ ಜೊತೆ ತಂತಿಯೂ ಎದ್ದು ಬರುತ್ತೆ.

ಓರೆಬೆಳಕು:
ಪಡಿಯಚ್ಚಿನ ಜಾಗದಲ್ಲಿ ಈಗ ಇರೋದು ಆರ್‌ಟಿಐ (ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಶನ್ ಇಮೇಜಿಂಗ್), ಅಂದರೆ ಬೇರೆ ಬೇರೆ ದಿಕ್ಕಿನ ಬೆಳಕಲ್ಲಿ ತೆಗೆದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಸೇರಿಸಿ ನೋಡೋ ವಿಧಾನ. ಕ್ಯಾಮೆರಾ ಸ್ಟ್ಯಾಂಡ್ ಮೇಲೆ ಅಲ್ಲಾಡದಂತೆ ಇರಲಿ. ಫೋಕಸ್, ಎಕ್ಸ್‌ಪೋಷರ್ ಎರಡೂ ಮ್ಯಾನುಯಲ್. ವಸ್ತುವಿನ ಪಕ್ಕ ಎರಡು ಕಪ್ಪು ಹೊಳೆಯೋ ಗುಂಡುಗಳನ್ನಿಟ್ಟು (ಬೆಳಕಿನ ದಿಕ್ಕು ಅವುಗಳ ಹೊಳಪಿನಿಂದ ತಿಳಿಯುತ್ತೆ), ದೀಪವನ್ನು ಸುತ್ತಲೂ ಸರಿಸ್ತಾ 48ರಿಂದ 64 ಫೋಟೋ ತೆಗೀರಿ. ಬೆಳಕು 15ರಿಂದ 65 ಡಿಗ್ರಿ ಎತ್ತರದಿಂದ ಬೀಳಬೇಕು. ದೀಪದ ದೂರ ವಸ್ತುವಿನ ಕರ್ಣದ ಮೂರು-ನಾಲ್ಕು ಪಟ್ಟು. ದೀಪಕ್ಕೊಂದು ದಾರ ಕಟ್ಟಿ ಅಳೆದರೆ ದೂರ ತಪ್ಪಲ್ಲ. ಮಧ್ಯೆ ವಸ್ತು ಒಂದು ಕೂದಲಷ್ಟು ಜರುಗಿದರೂ ಗೆರೆ ಮಸುಕಾಗುತ್ತೆ, ಎಲ್ಲ ಮೊದಲಿಂದ.

ಬರೀ ಟಾರ್ಚ್ ಇದ್ರೆ ನಾಲ್ಕು ದಿಕ್ಕಿಂದಾದ್ರೂ ಹಾಯಿಸಿ. ಬೆಳಕಿನ ದಿಕ್ಕಿಗೇ ಹೋಗೋ ಗೆರೆಗೆ ನೆರಳು ಬೀಳಲ್ಲ, ಕಾಣೋದೂ ಇಲ್ಲ. ಒಂದೇ ಫೋಟೋ ನಂಬಿ ಓದಿದವರು ಮುಗ್ಗರಿಸೋದು ಇಲ್ಲೇ.

ಗೀರೋ ಅಕ್ಷರವೋ ಅನ್ನೋದಕ್ಕೆ ಮೈಕ್ರೋಸ್ಕೋಪ್ ಬೇಕು. ಹಳೇ ಗೆರೆಯ ಅಂಚು ಸವೆದು ದುಂಡಗಾಗಿರುತ್ತೆ, ಒಳಗೂ ಸುತ್ತಲಿನಂತೆ ಕಿಲುಬು ಇರುತ್ತೆ. ಹೊಸ ಗೀರು ಆ ಕಿಲುಬನ್ನೇ ಸೀಳಿಕೊಂಡು ಹೋಗಿ ಒಳಗೆ ಫಳಫಳ ಅನ್ನುತ್ತೆ.

ಶಾಸನಾಸಕ್ತ:
ಸರಿ, ಹಾಗಾದ್ರೆ ಫೋರ್ಟ್ಸೆನ್ ಗಲಾಟೆ ಗೆರೆಯದೋ ಭಾಷೆಯದೋ?

ಕಮ್ಮಟ:
ಎರಡರದ್ದೂ. ಮೊದಲ ಸಾಲು ‘ಐಗಿಲ್ ಅಂದಿ ಐಲ್‌ರುನ್’, ಒಂದು ಗಂಡಿನ ಹೆಸರು, ಒಂದು ಹೆಣ್ಣಿನ ಹೆಸರು; ಅಲ್ಲಿ ತಕರಾರು ಕಡಿಮೆ. ಎರಡನೇ ಸಾಲಿನ ಶುರುವಿನ ಗುರುತುಗಳನ್ನು ಬಿಡಿಬಿಡಿಯಾಗಿ ಓದಿದರೆ ‘ಲ್‌ತಹು’. ಒಂದೇ ಕಂಬ (ನಿಂತ ಗೆರೆ) ಹಂಚಿಕೊಂಡ ಕೂಡಕ್ಷರ ಅಂದರೆ ‘ಎಲಹು’. ಮೊದಲನೆಯದಕ್ಕೆ ಮುಂದೊಂದು ‘ಇ’ ಸೇರಿಸಿ ನದಿಯ ಹೆಸರು ಅಂತಾರೆ, ಎರಡನೆಯದನ್ನು ಜಿಂಕೆಯ ಜಾತಿ ಅಂತಾರೆ. ಕೊನೆಯ ‘ಗಸೋಕುನ್’ ಅನ್ನು ‘ಹೋರಾಡಿದರು’ ಅಂತಲೂ ‘ಖಂಡಿಸಿದರು’ ಅಂತಲೂ ಬಿಡಿಸ್ತಾರೆ. ಬೆಳಕು ಎಷ್ಟೇ ಚೆನ್ನಾಗಿದ್ರೂ ಈ ಕೊನೆಯದು ಬಗೆಹರಿಯಲ್ಲ.

ಓರೆಬೆಳಕು:
ಇನ್ನೊಂದು, ಬೆಳ್ಳಿ ಕಪ್ಪಾಗಿದೆ ಅಂತ ಪಾಲಿಶ್ ಪುಡಿ ಹಾಕಿ ಉಜ್ಜಬೇಡಿ. ಕಪ್ಪಿನ ಜೊತೆ ಗೆರೆಯ ಅಂಚೂ ಹೋಗುತ್ತೆ. ಆಮೇಲೆ ಮೈಕ್ರೋಸ್ಕೋಪ್‌ಗೆ ನೋಡೋಕೆ ಏನೂ ಉಳಿದಿರಲ್ಲ.