ಅಣಬೆಯ ‘ಸ್ಪಾನ್’ಗೆ ಕನ್ನಡದಲ್ಲಿ ಏನನ್ನೋಣ? ತುರ್ತು

ಎಲ್ಲರಿಗೂ ನಮಸ್ಕಾರ. ಕೈತೋಟದಲ್ಲಿ ಭತ್ತದ ಹುಲ್ಲಿನ ಅಣಬೆ ಬೆಳೆಯುವ ಬಗ್ಗೆ ಒಂದು ಕರಪತ್ರ ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆ ಪ್ರೆಸ್ಸಿಗೆ ಹೋಗಬೇಕು. ‘ಸ್ಪಾನ್’ ಹತ್ತಿರ ಸಿಕ್ಕಿಕೊಂಡಿದ್ದೇನೆ. ಬೇಯಿಸಿದ ಕಾಳಿನ ಮೇಲೆ ಅಣಬೆಯ ಎಳೆಗಳನ್ನು ಬೆಳ್ಳಗೆ ಹಬ್ಬಿಸಿ ಬಿತ್ತನೆಗೆಂದು ಪೊಟ್ಟಣದಲ್ಲಿ ಕೊಡುತ್ತಾರಲ್ಲ, ಅದು. ವಾಕ್ಯ ಹೀಗಿದೆ: ‘ನೆನೆಸಿದ ಹುಲ್ಲಿನ ಕಟ್ಟುಗಳನ್ನು ನೆರಳಲ್ಲಿ ಒತ್ತಾಗಿ ಜೋಡಿಸಿ. ಅಂಚಿನಿಂದ 4 ಇಂಚು ಒಳಗೆ ____ ಉದುರಿಸಿ, ಕಡಲೆಹಿಟ್ಟು ಚಿಮುಕಿಸಿ. ಮುಂದಿನ ಪದರ ಅಡ್ಡಲಾಗಿ ಇಡಿ.’ ಖಾಲಿ ಜಾಗಕ್ಕೆ ‘ಬೀಜ’ ಸರಿಯೇ?

ಮರು:
ಅಣಬೆಗೆ ಬೀಜ ಎಲ್ಲಿದೆ ಮಾರಾಯರೇ? ಹೂವಿಲ್ಲ, ಕಾಯಿಲ್ಲ. ಕೊಡೆಯ ಕೆಳಗಿಂದ ಪುಡಿಯಂತೆ ಉದುರುವುದು ಬೀಜಕ. ಪೊಟ್ಟಣದಲ್ಲಿರುವುದು ಅದೂ ಅಲ್ಲ, ಕಾಳಿನ ತುಂಬ ಹಬ್ಬಿದ ಎಳೆ. ‘ಹೆಪ್ಪು’ ಎನ್ನಿ. ಹಾಲಿಗೆ ಹಾಕುವುದು ಮೊಸರಿನ ಬೀಜವನ್ನಲ್ಲ, ಮೊಸರನ್ನೇ ಅಲ್ವಾ?

ಮರು: ಮರು:
ಹುಲ್ಲು ಹೆಪ್ಪುಗಟ್ಟುತ್ತದೆಯೇ? ಸುಮ್ನೆ ‘ಬಿತ್ತು’ ಎಂದು ಬರೆಯಿರಿ. ಬೀಜಕ್ಕೆ ತಮಿಳಿನಲ್ಲಿ ವಿತ್ತು, ನಮ್ಮಲ್ಲಿ ಬಿತ್ತು. ಪದದ ಮೊದಲಿನ ವಕಾರ ಕನ್ನಡದಲ್ಲಿ ಬಕಾರವಾದ ಕತೆ ಇಲ್ಲಿ ಎಲ್ಲರಿಗೂ ಗೊತ್ತು. ಬೀಜ, ಬೀಜಕ, ಶಿಲೀಂಧ್ರ ಎಲ್ಲ ಎರವಲು. ಅಣಬೆ ಸಾರು ಮಾಡುವವರಿಗೆ ಇಷ್ಟೊಂದು ಸಂಸ್ಕೃತ ಯಾಕೆ?

ಮರು: ಮರು: ಮರು:
ಮತ್ತೆ ಶುರುವಾಯಿತು. ಇವತ್ತಿನ ಓದುಗರಿಗೆ ಬಿತ್ತು ಎಂದರೆ ಕ್ರಿಯಾಪದ. ‘ಬಿತ್ತು ಉದುರಿಸಿ’ ಎಂದು ಅಚ್ಚಾದರೆ ಏನೋ ಬಿದ್ದುಹೋಯಿತು ಅಂದುಕೊಳ್ಳುತ್ತಾರೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಗೆ ಹೋಗಿ ‘ಹೆಪ್ಪು ಕೊಡಿ’ ಅಂದು ನೋಡಿ, ಮುಖ ಮುಖ ನೋಡುತ್ತಾರೆ. ಬೆಳೆಯುವವರ ಬಾಯಲ್ಲಿರುವುದು ‘ಅಣಬೆ ಬೀಜ’. ಹಾಸನದ ಕಡೆ ಬಿತ್ತನೆಗೆ ತರುವ ಆಲೂಗಡ್ಡೆಯೂ ಬೀಜವೇ. ಅದು ಗಡ್ಡೆ ಅಂತ ರೈತರಿಗೆ ಗೊತ್ತಿಲ್ಲವೇ? ಇನ್ನು ಎರವಲಿನ ಮಾತು. ಬೀಜ ಎರವಲಾದರೆ ಆಗಲಿ, ವಾಪಸ್ ಕೇಳಲು ಯಾರೂ ಬಂದಿಲ್ಲ. ಶಿಲೀಂಧ್ರವನ್ನು ಬೇಕಾದರೆ ಬೈಯಿರಿ. ಸಂಸ್ಕೃತದಲ್ಲಿ ಅದು ಅಣಬೆ. ನಾವು ಬೂಷ್ಟನ್ನೂ ಅದರೊಳಗೆ ತುರುಕಿದೆವು.

ಮರು: ಮರು: ಮರು: ಮರು:
ಬಳಕೆಯಲ್ಲಿರುವುದೆಲ್ಲ ಸರಿ ಎಂದಾದರೆ ‘ಮಶ್ರೂಮ್’ ಅಂತಲೇ ಬರೆಯಿರಿ. ಹೋಟೆಲಿನ ಬೋರ್ಡುಗಳಲ್ಲಿ ಅಣಬೆ ಕಾಣಿಸಿ ಎಷ್ಟು ಕಾಲವಾಯಿತು? ನಮಸ್ಕಾರ.

ಮರು:
ಎಲ್ಲರಿಗೂ ಥ್ಯಾಂಕ್ಸ್. ‘ಅಣಬೆ ಬೀಜ’ ಹಾಕಿದೆ. ಅಂಗಡಿಯಲ್ಲಿ ಕೇಳುವವರಿಗಾಗಿ ಪಕ್ಕದಲ್ಲಿ ‘ಸ್ಪಾನ್’ ಕೂಡ. ಇನ್ನೊಂದೇ ಒಂದು ಉಳಿದಿದೆ. ಈ ಅಣಬೆಯನ್ನು ಹೊರಪೊರೆ ಹರಿಯುವ ಮೊದಲೇ ಕೀಳಬೇಕು, ಆಗ ಗುಂಡಗೆ ಕೋಳಿಮೊಟ್ಟೆಯ ಆಕಾರದಲ್ಲಿರುತ್ತದೆ. ಮೂಲದಲ್ಲಿ ‘ಎಗ್ ಸ್ಟೇಜ್’. ‘ಮೊಟ್ಟೆ ಹಂತ’ ಅಂತ ಹಾಕಿದರೆ ಸಸ್ಯಾಹಾರಿಗಳ ಮನೆಯಿಂದ ಫೋನ್ ಬರುತ್ತದೆ. ‘ಮೊಗ್ಗು’ ಆಗಬಹುದೇ?

ಮರು: ಮರು:
ಹಂತಕ್ಕೆ ಹೆಸರೇ ಬೇಡ. ‘ಕೊಡೆ ಬಿಚ್ಚುವ ಮುಂಚೆ ಕೀಳಿ’ ಎಂದು ಬರೆದು ಪ್ರೆಸ್ಸಿಗೆ ಕಳಿಸಿ.