ಗೆಳೆಯನ ಉಗ್ಗನ್ನು ಮಗ ಅಣಕಿಸುತ್ತಾನೆ, ಹೇಗೆ ತಿದ್ದಲಿ?

ಪ್ರಶ್ನೆ:
ಮಗನಿಗೆ ಎಂಟು ವರ್ಷ. ಕೆಟ್ಟವನಲ್ಲ. ಕಾಲು ಮುರಿದ ಬೆಕ್ಕಿನ ಮರಿ ನೋಡಿ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಅದೇ ಹುಡುಗ ಮೊನ್ನೆ ತಂಗಿಯ ಮುಂದೆ ನಿಂತು, ಕಣ್ಣು ಮುಚ್ಚಿ ಕುತ್ತಿಗೆ ಎಳೆದು "ಮ... ಮ... ಮಳೆ" ಎನ್ನುತ್ತಿದ್ದ. ಕ್ಲಾಸಿನಲ್ಲಿ ಒಬ್ಬ ಹುಡುಗನಿಗೆ ಉಗ್ಗು ಇದೆಯಂತೆ. ತಂಗಿ ಬಿದ್ದು ಬಿದ್ದು ನಗುತ್ತಿದ್ದಳು. ನನಗೆ ಕರುಳು ಚುರ್ ಎಂದಿತು. ಬೈದೆ. ಮರುದಿನ ಆ ಹುಡುಗನಿಗೆ ಸಾರಿ ಹೇಳಿಸಿದೆ. ಗೋಡೆ ನೋಡಿಕೊಂಡು ಹೇಳಿದ. ಬೆಕ್ಕಿಗೆ ಮರುಗುವವನು ಪಕ್ಕದ ಬೆಂಚಿನವನಿಗೆ ಯಾಕೆ ಮರುಗುವುದಿಲ್ಲ?

ಉತ್ತರ 1:
ಹದಿನಾರು ವರ್ಷದಿಂದ ಪ್ರೈಮರಿ ಮಕ್ಕಳ ಟೀಚರ್ ನಾನು. ಬೆಕ್ಕಿನ ಮರಿಯ ಮುಂದೆ ಅವನೊಬ್ಬನೇ ಇದ್ದ. ಕ್ಲಾಸಿನಲ್ಲಿ ಎಲ್ಲರೂ ನಗುತ್ತಿರುತ್ತಾರೆ. ಅವನೊಬ್ಬನಿಗೆ ಬೈದರೆ ಸಾಲದು.

1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಬೇರೆ ಬೇರೆ ಜನಾಂಗದ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದಾಗ ಜಗಳ ಜಾಸ್ತಿಯಾಯಿತು. ಮನಶ್ಶಾಸ್ತ್ರಜ್ಞ ಎಲಿಯಟ್ ಅರಾನ್ಸನ್ ಐದಾರು ಮಕ್ಕಳ ಗುಂಪು ಮಾಡಿ, ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು. ಪಕ್ಕದವನ ಮಾತು ಕೇಳದಿದ್ದರೆ ಪಾಠ ಪೂರ್ತಿಯಾಗುವುದಿಲ್ಲ. ಈ ವಿಧಾನಕ್ಕೆ ಜಿಗ್ಸಾ ಎನ್ನುತ್ತಾರೆ.

ನಾನೂ ಮಾಡಿದೆ. ಉಗ್ಗುವ ಹುಡುಗಿಯನ್ನು ಮೊದಲೇ ಕೇಳಿ, ಕಥೆಯ ಕೊನೆಯ ಚೀಟಿ ಅವಳಿಗೆ ಕೊಟ್ಟಿದ್ದೆ. ಒಂದು ಪದಕ್ಕೆ ಸಿಕ್ಕಿಕೊಂಡಳು. ಒಬ್ಬ ಕಿಸಕ್ಕೆಂದ. ಪಕ್ಕದವಳು ಅವನನ್ನು ತಿವಿದು "ಇರೋ, ಕಳ್ಳ ಸಿಕ್ಕಿದ್ನಾ ಇಲ್ವಾ ಗೊತ್ತಾಗ್ಬೇಕು" ಅಂದಳು. ಆಮೇಲೆ ಎಲ್ಲರೂ ಗಲ್ಲಕ್ಕೆ ಕೈ ಕೊಟ್ಟು ಕಾದರು. ಆ ಮುಖಗಳು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿವೆ.

ಇನ್ನೊಂದು ಮಾತು. "ನಿಧಾನ ಹೇಳು" ಎನ್ನುವುದು, ಪದವನ್ನು ನಾವೇ ಮುಗಿಸಿಕೊಡುವುದು, ಎರಡೂ ಉಗ್ಗುವ ಮಗುವಿಗೆ ಕಷ್ಟವೇ. ಸುಮ್ನೆ ಕಾಯಬೇಕು. ಸಾರಿ ಹೇಳಿಸುವ ಬದಲು ಇದನ್ನು ಹೇಳಿಕೊಡಿ.

ಉತ್ತರ 2:
ಮನೆಯಲ್ಲಿ ದೊಡ್ಡವರು ಯಾರನ್ನಾದರೂ ಅಣಕಿಸುತ್ತೀರಾ, ನೋಡಿಕೊಳ್ಳಿ. ನಾನು ಆಫೀಸಿನವರೊಬ್ಬರು ಕುಂಟುವುದನ್ನು ಮಾಡಿ ತೋರಿಸುತ್ತಿದ್ದೆ. ಒಂದು ದಿನ ಮಗಳು ಅಜ್ಜಿಯ ಹಿಂದೆಯೇ ಹಾಗೆ ಕುಂಟುತ್ತಾ ಹೋದಳು. ಅಜ್ಜಿ ತಿರುಗಿ ನೋಡಿದರು, ಏನೂ ಹೇಳಲಿಲ್ಲ. ಅವತ್ತೇ ಬಿಟ್ಟೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಥ್ಯಾಂಕ್ಸ್. ರಾತ್ರಿ ಮಗನಿಗೆ "ಅವನು ಓದುವಾಗ ನೀನು ಕಾಯ್ತೀಯಾ?" ಎಂದು ಕೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಮ್ಮ, ಅವನು ಹಾಡುವಾಗ ಉಗ್ಗೋದೇ ಇಲ್ಲ" ಎಂದ. ನಿಜವಾ ಮೇಡಂ?

ಉತ್ತರ 1:
ನಿಜ, ಉಗ್ಗುವ ಹೆಚ್ಚಿನವರು ಹಾಡುವಾಗ ತಡವರಿಸುವುದಿಲ್ಲ. ಇನ್ನೊಬ್ಬರ ಜೊತೆ ಸೇರಿ ಒಂದೇ ದನಿಯಲ್ಲಿ ಓದಿದರೂ ಸಲೀಸು. ನಿಮ್ಮ ಮಗ ಎಷ್ಟು ಗಮನಿಸಿದ್ದಾನೆ ನೋಡಿ! ಆ ಹುಡುಗ ಒಪ್ಪಿದರೆ ಇಬ್ಬರನ್ನೂ ಜೊತೆಗೆ ಓದಿಸಲು ಅವರ ಟೀಚರ್‌ಗೆ ಹೇಳಿ.