ಮೈಮೇಲೆ ಗಾಯ ಇಲ್ಲ ಅಂದರೆ ದೌರ್ಜನ್ಯ ಅಲ್ವಾ? (ವಕೀಲರನ್ನು ಕೇಳಿ)

ಪ್ರಶ್ನೆ (ನಿಟುವಳ್ಳಿಯಿಂದ ಒಬ್ಬ ಗೃಹಿಣಿ):
ನಮಸ್ಕಾರ ಮೇಡಂ. ನಮ್ಮದು ದಾವಣಗೆರೆಯಲ್ಲಿ ಬಾಡಿಗೆ ಮನೆ. ಮೇಲಿನ ಮನೆಯಲ್ಲಿ ಒಂಬತ್ತು ವರ್ಷದ ಹುಡುಗ ಇದ್ದಾನೆ. ಅಪ್ಪ ಅವನ ಮೈ ಮುಟ್ಟುವುದಿಲ್ಲ. ಆದರೆ ಕುಡಿದು ಬಂದ ದಿನ ಅವನ ಕಣ್ಣೆದುರೇ ತಾಯಿಗೆ ಹೊಡೆಯುತ್ತಾನೆ. ಆಮೇಲೆ "ನೀನ್ಯಾಕಾದ್ರೂ ಹುಟ್ಟಿದೆಯೋ" ಅಂತ ಹುಡುಗನಿಗೆ ಬೈದು, ಊಟ ಕೊಡದೆ ಹೊರಗೆ ಹಾಕಿ ಚಿಲಕ ಹಾಕುತ್ತಾನೆ. ಹುಡುಗ ಮೆಟ್ಟಿಲ ಮೇಲೆ ಕೂತು ವಠಾರದವರ ಚಪ್ಪಲಿಗಳನ್ನೆಲ್ಲ ಜೋಡಿ ಜೋಡಿಯಾಗಿ ಇಡುತ್ತಿರುತ್ತಾನೆ. ಅಳುವುದೂ ಇಲ್ಲ. ಮೊನ್ನೆ ರಾತ್ರಿ ಹನ್ನೊಂದರವರೆಗೂ ಹಾಗೇ ಇದ್ದ. ಠಾಣೆಗೆ ಹೋಗಿ ಹೇಳಿದೆ. "ಹುಡುಗನ ಮೈಮೇಲೆ ಗಾಯ ಇದೆಯಾ?" ಅಂದರು. ಇಲ್ಲ ಅಂದೆ. "ಮನೆ ಜಗಳ, ಬಿಡಮ್ಮ" ಅಂದುಬಿಟ್ಟರು. ಕಾನೂನಿನಲ್ಲಿ ಇದು ದೌರ್ಜನ್ಯ ಅಲ್ವಾ?

ಉತ್ತರ:
ಹೌದು ಅಕ್ಕಾ, ದೌರ್ಜನ್ಯವೇ. ನೀವು ಠಾಣೆ ತನಕ ಹೋಗಿದ್ದೀರಲ್ಲ, ಅದು ಸಣ್ಣ ಕೆಲಸ ಅಲ್ಲ.

ಬಾಲ ನ್ಯಾಯ ಕಾಯ್ದೆ 2015ರ ಸೆಕ್ಷನ್ 75 ನೋಡಿ. ಮಗುವಿನ ಹೊಣೆ ಹೊತ್ತವರು ಮಗುವಿಗೆ ಹೊಡೆದರೆ, ಕೈಬಿಟ್ಟರೆ, ಬೇಕಂತಲೇ ಕಡೆಗಣಿಸಿದರೆ, ಅದರಿಂದ ಮಗುವಿಗೆ ಅನಗತ್ಯವಾಗಿ ದೇಹಕ್ಕೋ ಮನಸ್ಸಿಗೋ ಸಂಕಟ ಆಗುವಂತಿದ್ದರೆ ಅದು ಅಪರಾಧ. ಮೂರು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ದಂಡ, ಇಲ್ಲವೇ ಎರಡೂ. ಮನಸ್ಸಿನ ಸಂಕಟ ಅನ್ನುವ ಮಾತು ಕಾಯ್ದೆಯಲ್ಲೇ ಇದೆ. ಗಾಯ ಇರಲೇಬೇಕು ಅಂತ ಎಲ್ಲೂ ಇಲ್ಲ.

ಹಾಗಾದರೆ ಠಾಣೆಯಲ್ಲಿ ಯಾಕೆ ಹಾಗಂದರು? ಎರಡು ಕಾರಣ ಕಾಣುತ್ತದೆ. ಒಂದು, ಮನಸ್ಸಿನ ಸಂಕಟ ಅಂದರೆ ಏನೇನು ಅಂತ ಕಾಯ್ದೆ ಬಿಡಿಸಿ ಹೇಳಿಲ್ಲ. ಎರಡನೆಯದು ಇನ್ನೂ ದೊಡ್ಡದು. 2021ರ ತಿದ್ದುಪಡಿ ಈ ಕಾಯ್ದೆಯ ಮೂರರಿಂದ ಏಳು ವರ್ಷ ಶಿಕ್ಷೆಯ ಅಪರಾಧಗಳನ್ನು ಅಸಂಜ್ಞೇಯ ಮಾಡಿತು, ಸೆಕ್ಷನ್ 75 ಕೂಡ ಅದರಲ್ಲಿ ಸೇರಿತು. ಅಂದರೆ ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆ ಶುರು ಮಾಡುವಂತಿಲ್ಲ. ಮಕ್ಕಳ ವಿಷಯದಲ್ಲಿ ಇದು ದೊಡ್ಡ ತಪ್ಪು ಅಂತಲೇ ನನ್ನ ಅಭಿಪ್ರಾಯ. ಹೊರಗೆ ನಿಂತ ಮಗು ಕೋರ್ಟಿನ ಆದೇಶ ಬರುವ ತನಕ ಮೆಟ್ಟಿಲ ಮೇಲೇ ಕೂತಿರಬೇಕಾ?

ಬೇಜಾರಾಗುವುದು ಎಲ್ಲಿ ಗೊತ್ತಾ? 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಹೀಯಾಳಿಸುವುದು, ಅವಮಾನ ಮಾಡುವುದು, ಹೆಸರಿಟ್ಟು ಬೈಯುವುದು ಎಲ್ಲವನ್ನೂ ಮಾತಿನ ಮತ್ತು ಭಾವನಾತ್ಮಕ ದೌರ್ಜನ್ಯ ಅಂತ ಬಿಡಿಸಿ ಬರೆದಿದ್ದಾರೆ. ಆ ಮನೆಯ ತಾಯಿಯ ಪಾಲಿಗೆ ಪದಗಳು ಸಿದ್ಧವಾಗಿವೆ. ಅಪ್ಪ ಅಮ್ಮನಿಗೆ ಹೊಡೆಯುವುದನ್ನು ನೋಡುತ್ತಾ ಬೆಳೆಯುವುದೂ ಮಗುವಿನ ಮೇಲಿನ ದೌರ್ಜನ್ಯ ಅಂತ ನೇರವಾಗಿ ಬರೆದ ಸಾಲು ಮಕ್ಕಳ ಕಾನೂನಿನಲ್ಲೂ ಬೇಕು. ಸೆಕ್ಷನ್ 75 ಮತ್ತೆ ಸಂಜ್ಞೇಯ ಆಗಬೇಕು.

ಮರುಪ್ರಶ್ನೆ (ಹರಿಹರದ ಒಬ್ಬ ಶಿಕ್ಷಕರು):
ಮೇಡಂ, ಅದು ಕೇಂದ್ರದ ಕಾಯ್ದೆ ಅಲ್ವಾ? ರಾಜ್ಯ ಏನು ಮಾಡೋಕಾಗುತ್ತೆ?

ಉತ್ತರ:
ಮಾಡಬಹುದು ಸರ್, ಮಾಡಿಯೂ ಇದೆ. ಕೇಂದ್ರದ 2006ರ ಬಾಲ್ಯವಿವಾಹ ಕಾಯ್ದೆಯಲ್ಲಿ ಇಂಥ ಮದುವೆ ಸಾಮಾನ್ಯವಾಗಿ ತಾನಾಗಿಯೇ ಅಸಿಂಧು ಆಗುವುದಿಲ್ಲ. ಮದುವೆಯಾದ ಮಗುವೇ ಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು. ಕರ್ನಾಟಕ 2016ರಲ್ಲಿ ತಿದ್ದುಪಡಿ ತಂದು, ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಅಂತ ಮಾಡಿತು. ವಿಧಾನಮಂಡಲ ಒಪ್ಪಿ, ರಾಷ್ಟ್ರಪತಿಗಳ ಅಂಕಿತ ಸಿಕ್ಕರೆ ಇದೇ ದಾರಿಯಲ್ಲಿ ಬಾಲ ನ್ಯಾಯ ಕಾಯ್ದೆಗೂ ರಾಜ್ಯದ ತಿದ್ದುಪಡಿ ತರಬಹುದು. ನಮ್ಮ ಶಾಸಕರಿಗೆ ಒಂದು ಪತ್ರ ಬರೆಯೋಣ. ಕರಡು ನಾನೇ ಬರೆದುಕೊಡುತ್ತೇನೆ, ಸಹಿ ನಿಮ್ಮೆಲ್ಲರದೂ ಇರಲಿ.

ನೀವು ಶಾಲೆಯವರು ಅಂತ ಇನ್ನೊಂದು ಮಾತು. ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 17 ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಫೀಸು ಕಟ್ಟಿಲ್ಲ ಅಂತ ಮಗುವನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸಿ ಅವಮಾನ ಮಾಡಿದರೆ, ಅದೂ ಕಿರುಕುಳವೇ.

ಮರುಪ್ರಶ್ನೆ (ನಿಟುವಳ್ಳಿಯ ಗೃಹಿಣಿ):
ನಾನು ಈಗ ಏನು ಮಾಡಲಿ ಮೇಡಂ? ದೂರು ಕೊಟ್ಟರೆ ಹುಡುಗನನ್ನು ತಾಯಿಯಿಂದ ಕಿತ್ತುಕೊಂಡು ಬಾಲಮಂದಿರಕ್ಕೆ ಹಾಕಿಬಿಡುತ್ತಾರಾ ಅಂತ ಭಯ.

ಉತ್ತರ:
ಆ ಭಯ ಎಲ್ಲರಿಗೂ ಇರುತ್ತೆ. ಆದರೆ ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಅಂತ ಕಾಯ್ದೆಯ ಸೆಕ್ಷನ್ 3 ಹೇಳುತ್ತದೆ. ಮೊದಲು ಮನೆಯ ಸ್ಥಿತಿ ನೋಡಿ ವರದಿ ಮಾಡುತ್ತಾರೆ.

ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ದುಡ್ಡು ಹೋಗಲ್ಲ, ರಾತ್ರಿಯೂ ಎತ್ತುತ್ತಾರೆ. ಮಕ್ಕಳ ಕಲ್ಯಾಣ ಸಮಿತಿಗೂ ಒಂದು ಅರ್ಜಿ ಬರೆಯಿರಿ. ಆ ಸಮಿತಿಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಅಧಿಕಾರ ಇದೆ, ಠಾಣೆಯಲ್ಲಿ ಕೇಳಿದ ಹಾಗೆ ಅಲ್ಲಿ ಗಾಯ ತೋರಿಸಿ ಅನ್ನುವುದಿಲ್ಲ. ಇವತ್ತಿನಿಂದ ಒಂದು ನೋಟ್‌ಬುಕ್ ಇಡಿ. ಯಾವ ದಿನ, ಎಷ್ಟು ಗಂಟೆಗೆ ಹೊರಗೆ ಹಾಕಿದ, ಎಷ್ಟಕ್ಕೆ ಬಾಗಿಲು ತೆಗೆದ. ನೀವು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಅಷ್ಟೇ. ಹುಡುಗನನ್ನು ಕೂರಿಸಿಕೊಂಡು ಪ್ರಶ್ನೆ ಕೇಳಬೇಡಿ, ಅದಕ್ಕೆ ತರಬೇತಿ ಆದವರಿದ್ದಾರೆ. ವಿಡಿಯೋ ಮಾಡಿ ಗ್ರೂಪಿಗೆ ಹಾಕುವುದಂತೂ ಬೇಡವೇ ಬೇಡ.

ತಾಯಿಯ ಜೊತೆ ಒಬ್ಬರೇ ಸಿಕ್ಕಾಗ ಮಾತಾಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ತಾಯಿ ಕೋರ್ಟಿಗೆ ಅರ್ಜಿ ಹಾಕಿದರೆ ಗಂಡ ಹೊಡೆಯದಂತೆ ರಕ್ಷಣಾ ಆದೇಶ ಸಿಗುತ್ತದೆ, ಅದರಲ್ಲಿ ಮಗುವನ್ನೂ ಸೇರಿಸಬಹುದು.

ಮರುದಿನ (ನಿಟುವಳ್ಳಿಯ ಗೃಹಿಣಿ):
1098ಕ್ಕೆ ಮಾತಾಡಿದೆ ಮೇಡಂ. ಬರ್ತೀವಿ ಅಂದಿದ್ದಾರೆ. ನಿನ್ನೆ ರಾತ್ರಿ ಮತ್ತೆ ಹೊರಗೆ ಹಾಕಿದ್ದ, ಒಂಬತ್ತು ಇಪ್ಪತ್ತಕ್ಕೆ. ಬರೆದಿಟ್ಟಿದ್ದೇನೆ. ಹುಡುಗನನ್ನು ಒಳಗೆ ಕರೆದು ರೊಟ್ಟಿ ಕೊಟ್ಟೆ.

ಉತ್ತರ:
ಒಳ್ಳೇದು ಮಾಡಿದ್ರಿ ಅಕ್ಕಾ. ಅವರು ಬಂದಾಗ ನೋಟ್‌ಬುಕ್ ತೋರಿಸಿ, ಆದರೆ ಮೂಲ ಪ್ರತಿ ಕೊಡಬೇಡಿ, ಜೆರಾಕ್ಸ್ ಕೊಡಿ. ಸಮಿತಿಗೆ ಹೋಗುವ ದಿನ ಹೇಳಿ, ನಾನೂ ಬರುತ್ತೇನೆ.